ತೂಕದ ಲೆಕ್ಕ, ತಟ್ಟೆಯ ಲೆಕ್ಕ: ಆರೋಗ್ಯಕರ ತೂಕ ಹೆಚ್ಚಳಕ್ಕೆ ದಿನದ ಕ್ಯಾಲೊರಿ ನಿರ್ಧರಿಸುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಪಂಚಾಯಿತಿಯ ಸಭೆಗಳಲ್ಲಿ ಜಮಾ-ಖರ್ಚಿನ ಲೆಕ್ಕ ಹೊಸದಲ್ಲ. ತೆರಿಗೆ ಎಷ್ಟು ಬಂದಿತು, ಬೀದಿ ದೀಪಕ್ಕೆ ಎಷ್ಟು ಹೋಯಿತು, ಉಳಿದದ್ದೆಷ್ಟು ಎಂಬುದನ್ನು ಸದಸ್ಯರು ಸಾಲು ಸಾಲಾಗಿ ಪರಿಶೀಲಿಸುತ್ತಾರೆ. ಮನುಷ್ಯನ ದೇಹಕ್ಕೂ ಅಂಥದೇ ಒಂದು ಲೆಕ್ಕವಿದೆ. ಉಂಡ ಆಹಾರದ ಶಕ್ತಿ ಜಮೆ. ಉಸಿರಾಟದಿಂದ ಮೊದಲುಗೊಂಡು ಹೊಲದ ದುಡಿಮೆಯವರೆಗೆ ವ್ಯಯವಾಗುವ ಶಕ್ತಿ ಖರ್ಚು. ಜಮೆ ಹೆಚ್ಚಿದರೆ ತೂಕ ಏರುತ್ತದೆ, ಖರ್ಚು ಹೆಚ್ಚಿದರೆ ಇಳಿಯುತ್ತದೆ. ಈ ಲೆಕ್ಕದ ಅಳತೆಗೋಲು ಕಿಲೋಕ್ಯಾಲೊರಿ. ರೂಢಿಯ ಮಾತಿನಲ್ಲಿ ಅದನ್ನೇ ಕ್ಯಾಲೊರಿ ಎನ್ನುತ್ತಾರೆ. ಈ ಪಠ್ಯದಲ್ಲಿಯೂ ಹಾಗೆಯೇ ಬಳಸಲಾಗಿದೆ.

ಈ ವಿಷಯ ಪಂಚಾಯಿತಿಯ ಮುಂದೆ ಬರಲು ಕಾರಣವಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 32.9ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ತೂಕ ಹೊಂದಿಲ್ಲ. ಅಂದರೆ ಅಂಗನವಾಡಿಯ ಸಾಲಿನಲ್ಲಿ ಕುಳಿತ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 17.2ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಒಂದು. ಆದುದರಿಂದ ಈ ತೂಕದ ಲೆಕ್ಕವೂ ಪಂಚಾಯಿತಿಯ ಲೆಕ್ಕವೇ.

ಮೊದಲ ಹೆಜ್ಜೆ: ಕೊರತೆ ಎಷ್ಟೆಂದು ಅಳೆಯುವುದು

ಒಬ್ಬರು ಸಣಕಲು ಎಂದು ಕಣ್ಣಳತೆಯಿಂದ ಹೇಳುವುದು ಸಾಲದು. ವಯಸ್ಕರಲ್ಲಿ ತೂಕವನ್ನು ಎತ್ತರದೊಡನೆ ಹೋಲಿಸಿ ನೋಡಬೇಕು. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ದೇಹ ದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿ.ಎಂ.ಐ. ಅದು 18.5ಕ್ಕಿಂತ ಕಡಿಮೆಯಿದ್ದರೆ ತೂಕ ಕಡಿಮೆ ಎಂದರ್ಥ. ಗರ್ಭಿಣಿಯರಿಗೆ ಈ ಲೆಕ್ಕವನ್ನು ಗರ್ಭಧಾರಣೆಗೆ ಮುಂಚಿನ ತೂಕದಿಂದ, ಇಲ್ಲವೇ ಮೊದಲ ತಿಂಗಳುಗಳ ತೂಕದಿಂದ ಮಾಡಬೇಕು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಸಾಗಬಹುದು. ಕೂಲಿ ಕೆಲಸ ಮಾಡುವ 25 ವರ್ಷದ ಮಹಿಳೆಯೊಬ್ಬಳ ಎತ್ತರ 150 ಸೆಂಟಿಮೀಟರ್, ತೂಕ 38 ಕಿಲೋ ಎಂದು ಭಾವಿಸಿರಿ. 1.5ನ್ನು 1.5ರಿಂದ ಗುಣಿಸಿದರೆ 2.25. 38ನ್ನು 2.25ರಿಂದ ಭಾಗಿಸಿದರೆ 16.9. ಆಕೆ 18.5ರ ಗಡಿ ಮುಟ್ಟಬೇಕಾದರೆ ತೂಕ ಸುಮಾರು 41.6 ಕಿಲೋ ಆಗಬೇಕು. ಗುರಿ 42 ಕಿಲೋ ಎಂದು ಇಟ್ಟುಕೊಂಡರೆ ಕೊರತೆ 4 ಕಿಲೋ.

ಎರಡನೆಯ ಹೆಜ್ಜೆ: ಈಗಿನ ಖರ್ಚು ಎಷ್ಟು?

ಏನೂ ಕೆಲಸ ಮಾಡದೆ ಮಲಗಿದ್ದರೂ ಹೃದಯ, ಶ್ವಾಸಕೋಶ, ಮಿದುಳು ನಡೆಯಲು ಶಕ್ತಿ ಬೇಕು. 18ರಿಂದ 30 ವರ್ಷದ ಭಾರತೀಯ ಮಹಿಳೆಯರಿಗೆ ಈ ಮೂಲ ಖರ್ಚನ್ನು ಅಂದಾಜು ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಬಳಸಿರುವ ಸೂತ್ರ ಸರಳವಾದುದು: ತೂಕವನ್ನು 14ರಿಂದ ಗುಣಿಸಿ 471 ಕೂಡಿಸಬೇಕು. ನಮ್ಮ ಉದಾಹರಣೆಯಲ್ಲಿ 38ನ್ನು 14ರಿಂದ ಗುಣಿಸಿದರೆ 532. 471 ಕೂಡಿಸಿದರೆ 1,003 ಕ್ಯಾಲೊರಿ.

ಇದರ ಮೇಲೆ ದುಡಿಮೆಯ ಖರ್ಚು ಬರುತ್ತದೆ. ಮಧ್ಯಮ ಪ್ರಮಾಣದ ದುಡಿಮೆಗೆ ಮೂಲ ಖರ್ಚನ್ನು 1.8ರಿಂದಲೂ, ಭಾರಿ ದುಡಿಮೆಗೆ 2.3ರಿಂದಲೂ ಗುಣಿಸುವುದು ಕ್ರಮ. ಹಾಗಾದರೆ ಮಧ್ಯಮ ದುಡಿಮೆಯ ದಿನಗಳಲ್ಲಿ ಈ ಮಹಿಳೆಯ ಖರ್ಚು ಸುಮಾರು 1,800 ಕ್ಯಾಲೊರಿ. ನಾಟಿ, ಕಟಾವು, ಕಟ್ಟಿಗೆ ಹೊರೆ, ದೂರದಿಂದ ನೀರು ಹೊರುವುದು ಎಲ್ಲವೂ ಕೂಡಿದ ತಿಂಗಳುಗಳಲ್ಲಿ ಸುಮಾರು 2,300. ಎರಡರ ನಡುವಿನ ಅಂತರ 500 ಕ್ಯಾಲೊರಿ. ಊಟ ಅಷ್ಟೇ ಇದ್ದು ದುಡಿಮೆ ಹೆಚ್ಚಿದ ತಿಂಗಳಲ್ಲಿ ಮಹಿಳೆಯರು ಇಳಿದುಹೋಗುವುದು ಈ ಕಾರಣಕ್ಕೆ. ಈ ಅಂಶವನ್ನು ಸದಸ್ಯರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಸೂತ್ರ ಬಳಸಲು ಆಗದಿದ್ದರೆ ಇನ್ನೊಂದು ದಾರಿಯಿದೆ. ಒಬ್ಬರ ತೂಕ ಎರಡು ಮೂರು ತಿಂಗಳಿಂದ ಏರದೆ ಇಳಿಯದೆ ನಿಂತಿದ್ದರೆ, ಅವರ ಜಮೆ ಮತ್ತು ಖರ್ಚು ಸಮವಾಗಿವೆ ಎಂದೇ ಅರ್ಥ. ಅವರು ಈಗ ಉಣ್ಣುತ್ತಿರುವುದರ ಮೇಲೆ ಎಷ್ಟು ಕೂಡಿಸಬೇಕು ಎಂಬುದಷ್ಟೇ ಆಗ ಉಳಿಯುವ ಪ್ರಶ್ನೆ.

ಮೂರನೆಯ ಹೆಜ್ಜೆ: ತಟ್ಟೆಯಲ್ಲಿ ಏನಿದೆ?

ಪಿಷ್ಟ ಮತ್ತು ಪ್ರೋಟೀನ್ ಒಂದು ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬು ಒಂದು ಗ್ರಾಮಿಗೆ 9 ಕ್ಯಾಲೊರಿ ಕೊಡುತ್ತವೆ. ಇದರ ಆಧಾರದ ಮೇಲೆ ಮೇಲಿನ ಮಹಿಳೆಯ ಒಂದು ದಿನದ ಆಹಾರ ಹೀಗಿದೆಯೆಂದು ಊಹಿಸಬಹುದು. ಧಾನ್ಯಗಳ ತೂಕ ಬೇಯಿಸುವ ಮುಂಚಿನದು.

ಬೆಳಗಿನ ಉಪ್ಪಿಟ್ಟು ಅಥವಾ ಚಿತ್ರಾನ್ನ, ಧಾನ್ಯ 75 ಗ್ರಾಂ – 260
ಮಧ್ಯಾಹ್ನದ ಅನ್ನ, ಅಕ್ಕಿ 150 ಗ್ರಾಂ – 520
ರಾತ್ರಿಯ ಮುದ್ದೆ, ರಾಗಿ ಹಿಟ್ಟು 150 ಗ್ರಾಂ – 490
ಎರಡು ಹೊತ್ತಿನ ಸಾರಿಗೆ ತೊಗರಿ ಬೇಳೆ 30 ಗ್ರಾಂ – 100
ದಿನದ ಎಣ್ಣೆ 15 ಗ್ರಾಂ – 135
ತೆಂಗಿನಕಾಯಿ 20 ಗ್ರಾಂ – 90
ಎರಡು ಲೋಟ ಚಹಾ, ಹಾಲು ಸಕ್ಕರೆ ಸೇರಿ – 150
ತರಕಾರಿ, ಸೊಪ್ಪು – 40
ಒಟ್ಟು – 1,785 ಕ್ಯಾಲೊರಿ

ಈ ಪಟ್ಟಿಯಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ಆಕೆ ಹಸಿದು ಮಲಗುತ್ತಿಲ್ಲ. ಮೂರು ಹೊತ್ತು ಉಣ್ಣುತ್ತಿದ್ದಾಳೆ. ಆದರೂ ಜಮೆ ಖರ್ಚಿಗಷ್ಟೇ ಸರಿಹೋಗುತ್ತಿದೆ, ಉಳಿಕೆಯೇ ಇಲ್ಲ. ಎರಡು, ಒಟ್ಟು ಶಕ್ತಿಯಲ್ಲಿ ಶೇ. 70ಕ್ಕಿಂತ ಹೆಚ್ಚು ಭಾಗ ಧಾನ್ಯದಿಂದಲೇ ಬರುತ್ತಿದೆ. ಧಾನ್ಯದ ಪಾಲು ಸುಮಾರು ಅರ್ಧವನ್ನು ಮೀರಬಾರದೆಂಬುದು ಆಹಾರ ತಜ್ಞರ ಸಲಹೆ. ಮೊಟ್ಟೆಯಿಲ್ಲ, ಕಾಳಿಲ್ಲ, ಹಾಲು ಚಹಾದ ಬಣ್ಣ ತಿಳಿಯಾಗಿಸುವಷ್ಟು ಮಾತ್ರ. ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಮನೆಯೊಡತಿ. ಆ ಹೊತ್ತಿಗೆ ಪಾತ್ರೆಯಲ್ಲಿ ಬೇಳೆ ಮುಗಿದು ತಿಳಿಸಾರು ಉಳಿದಿರುತ್ತದೆ. ಪಟ್ಟಿಯ 30 ಗ್ರಾಂ ಬೇಳೆಯೂ ಅವಳ ಪಾಲಿಗೆ ಬಂದಿದೆಯೇ ಎಂಬುದನ್ನು ಕೇಳಿಯೇ ತಿಳಿಯಬೇಕು.

ನಾಲ್ಕನೆಯ ಹೆಜ್ಜೆ: ಎಷ್ಟು ಕೂಡಿಸಬೇಕು?

ವಯಸ್ಕರ ದೇಹದಲ್ಲಿ 1 ಕಿಲೋ ತೂಕ ಹೆಚ್ಚಲು ಖರ್ಚಿನ ಮೇಲೆ ಸ್ಥೂಲವಾಗಿ 7,700 ಕ್ಯಾಲೊರಿ ಬೇಕೆಂದು ಲೆಕ್ಕ ಹಿಡಿಯುತ್ತಾರೆ. ದಿನಕ್ಕೆ 300 ಕ್ಯಾಲೊರಿ ಹೆಚ್ಚಾಗಿ ಸಿಕ್ಕರೆ ತಿಂಗಳಿಗೆ 9,000. ಅಂದರೆ ಒಂದು ಕಿಲೋಗಿಂತ ತುಸು ಹೆಚ್ಚು. 4 ಕಿಲೋ ಕೊರತೆ ತುಂಬಲು ಮೂರೂವರೆಯಿಂದ ನಾಲ್ಕು ತಿಂಗಳು. ದಿನಕ್ಕೆ 500 ಕೂಡಿಸಿದರೆ ಎರಡು ತಿಂಗಳಲ್ಲಿ ಆಗಬಹುದು. ಆದರೆ ಸಣ್ಣ ಹೊಟ್ಟೆಗೆ ಒಮ್ಮೆಲೇ ಅಷ್ಟು ಒಗ್ಗುವುದು ಕಷ್ಟ. ಆದುದರಿಂದ 300ರಿಂದ ಆರಂಭಿಸುವುದು ಲೇಸು.

300 ಕ್ಯಾಲೊರಿ ಎಂದರೆ ದೊಡ್ಡ ಗಂಟೇನೂ ಅಲ್ಲ. ಒಂದು ಹಿಡಿ ಹುರಿದ ಶೇಂಗಾ 30 ಗ್ರಾಂ (170), ಒಂದು ತುಂಡು ಬೆಲ್ಲ 15 ಗ್ರಾಂ (57), ಒಂದು ಬೇಯಿಸಿದ ಮೊಟ್ಟೆ (70): ಒಟ್ಟು 297. ಮೊಟ್ಟೆ ತಿನ್ನದವರಿಗೆ 100 ಮಿಲಿಲೀಟರ್ ಹಾಲು (67) ಅದರ ಸ್ಥಾನವನ್ನು ತುಂಬುತ್ತದೆ. ಇದು ಊಟಕ್ಕೆ ಬದಲಾಗಿ ಅಲ್ಲ. ಊಟಗಳ ನಡುವೆ, ಹೆಚ್ಚುವರಿಯಾಗಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದೇ 300 ಕ್ಯಾಲೊರಿಯನ್ನು ಬಿಸ್ಕತ್ತು, ಕುರುಕಲು ತಿಂಡಿಯ ಪೊಟ್ಟಣ, ಸಿಹಿ ಪಾನೀಯಗಳಿಂದಲೂ ತುಂಬಬಹುದು; ತೂಕವೂ ಏರಬಹುದು. ಆದರೆ ಅದು ಮಾಂಸಖಂಡದ ತೂಕಕ್ಕಿಂತ ಹೆಚ್ಚಾಗಿ ಕೊಬ್ಬಿನ ತೂಕ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ಮಹಿಳೆಯರಲ್ಲಿ ಶೇ. 30.1ರಷ್ಟು ಮಂದಿ ಅಧಿಕ ತೂಕದವರು. ಒಂದೇ ಬೀದಿಯಲ್ಲಿ ಕೊರತೆಯೂ ಅತಿರೇಕವೂ ಇರುವಾಗ ಸಂಖ್ಯೆಯ ಜೊತೆಗೆ ಗುಣವನ್ನೂ ನೋಡಬೇಕಾಗುತ್ತದೆ. ತೂಕ ಹೆಚ್ಚಿಸುವುದಾಗಿ ಜಾಹೀರಾತು ಕೊಡುವ ಪುಡಿಗಳಿಗೆ ಹಣ ಸುರಿಯುವ ಅಗತ್ಯವಿಲ್ಲ.

ಇನ್ನೊಂದು ಮಾತು. ತೂಕ 42 ಕಿಲೋ ಆದಾಗ ದೇಹದ ಖರ್ಚೂ ಏರುತ್ತದೆ: 42ನ್ನು 14ರಿಂದ ಗುಣಿಸಿ 471 ಕೂಡಿಸಿ 1.8ರಿಂದ ಗುಣಿಸಿದರೆ ಸುಮಾರು 1,900. ಮೊದಲು ಕೂಡಿಸಿದ 300ರಲ್ಲಿ 100 ಹೀಗೆ ಖರ್ಚಿಗೇ ಹೋಗುತ್ತದೆ. ಆದುದರಿಂದ ಲೆಕ್ಕವನ್ನು ಒಮ್ಮೆ ಮಾಡಿ ಕೈಬಿಡದೆ ತಿಂಗಳಿಗೊಮ್ಮೆ ತೂಗಿ ಮತ್ತೆ ಮಾಡಬೇಕು.

ಗರ್ಭಿಣಿಯ ಲೆಕ್ಕ

ಗರ್ಭಿಣಿಗೆ ತನ್ನ ಮಾಮೂಲಿ ಅಗತ್ಯದ ಮೇಲೆ ದಿನಕ್ಕೆ 350 ಕ್ಯಾಲೊರಿ, ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು 600 ಕ್ಯಾಲೊರಿ ಹೆಚ್ಚಾಗಿ ಬೇಕೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ಹೇಳುತ್ತದೆ. ಗರ್ಭಾವಸ್ಥೆಯಲ್ಲಿ ಒಟ್ಟು 10ರಿಂದ 12 ಕಿಲೋ ತೂಕ ಏರುವುದು ಆರೋಗ್ಯಕರ. ಮೊದಲೇ 38 ಕಿಲೋ ಇದ್ದವಳಿಗೆ ಎರಡು ಬಾಕಿಗಳಿವೆ: ತನ್ನ ಹಳೆಯ ಕೊರತೆ, ಮಗುವಿನ ಹೊಸ ಅಗತ್ಯ. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಯಿಂದ ಊಟ ಕಡಿಮೆ ಮಾಡಿಸುವ ಮನೆಗಳು ಇಂದಿಗೂ ಇವೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಸೋಂಕಿನ, ಸಾವಿನ ಅಪಾಯ ಹೆಚ್ಚೆಂಬುದನ್ನು ಅಂಥ ಮನೆಯ ಹಿರಿಯರಿಗೆ ತಾಳ್ಮೆಯಿಂದ ತಿಳಿಸಬೇಕು. ಈ ಮಾತನ್ನು ಅತ್ತೆಯ ಮುಂದೆ ಹೇಳದೆ ಸೊಸೆಗೆ ಮಾತ್ರ ಹೇಳಿದರೆ ಪ್ರಯೋಜನವಿಲ್ಲ.

2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಜಾರಿಗೆ ಬಂದಾಗ ಅದರ ಎರಡನೆಯ ಅನುಸೂಚಿಯು ಗರ್ಭಿಣಿ ಹಾಗೂ ಬಾಣಂತಿಯರಿಗೆ ದಿನಕ್ಕೆ 600 ಕ್ಯಾಲೊರಿ, ಮಕ್ಕಳಿಗೆ 500, ಅಪೌಷ್ಟಿಕ ಮಕ್ಕಳಿಗೆ 800 ಕ್ಯಾಲೊರಿಯ ಪೂರಕ ಆಹಾರವನ್ನು ನಿಗದಿಪಡಿಸಿತು. ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಆರಂಭವಾಗಿ ಅಂಗನವಾಡಿಯಲ್ಲಿಯೇ ಬಿಸಿಯೂಟದ ವ್ಯವಸ್ಥೆಯಾಯಿತು. ಇಲ್ಲಿಯೇ ಲೆಕ್ಕ ತಪ್ಪುವ ಸಂಭವ ಹೆಚ್ಚು. ಮೇಲಿನ ಪಟ್ಟಿಯಲ್ಲಿ ಮನೆಯ ಮಧ್ಯಾಹ್ನದ ಊಟ ಅನ್ನ, ಸಾರು, ಎಣ್ಣೆ, ಕಾಯಿ ಸೇರಿ ಸುಮಾರು 660 ಕ್ಯಾಲೊರಿ. ಗರ್ಭಿಣಿ ಅಂಗನವಾಡಿಯಲ್ಲಿ 600 ಕ್ಯಾಲೊರಿಯಷ್ಟು ಉಂಡು, ಅದೇ ಕಾರಣಕ್ಕೆ ಮನೆಯ ಊಟ ಬಿಟ್ಟರೆ ಏನಾಗುತ್ತದೆ? ಕಡತದಲ್ಲಿ 600 ಜಮೆಯಾಯಿತು. ದೇಹದಲ್ಲಿ 60 ಕಡಿಮೆಯಾಯಿತು. ಊಟದ ಗುಣ ಸುಧಾರಿಸಿರಬಹುದು; ಆದರೆ ಹೆಚ್ಚುವರಿ ಎಂಬುದು ಸಿಗಲಿಲ್ಲ. ಮನೆಗೆ ಕೊಡುವ ಪಡಿಯಲ್ಲಿಯೂ ಹೀಗೆಯೇ: ಐವರ ಮನೆಯಲ್ಲಿ 600ನ್ನು ಹಂಚಿಕೊಂಡರೆ ಗರ್ಭಿಣಿಯ ಪಾಲು 120.

ಪೂರಕ ಆಹಾರ ಎಂಬ ಹೆಸರಿನ ಅರ್ಥವೇ ಇರುವುದರ ಮೇಲೆ ಕೂಡಿಸುವುದು ಎಂದು. ಅಂಗನವಾಡಿಯಲ್ಲಿ ಉಂಡ ದಿನ ಸಂಜೆಯ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಣ್ಣ ಊಟ ಅಥವಾ ಮೇಲೆ ಹೇಳಿದ ಶೇಂಗಾ, ಬೆಲ್ಲ, ಮೊಟ್ಟೆ ಇದ್ದರೆ ಮಾತ್ರ ಯೋಜನೆಯ ಹಣ ತೂಕವಾಗಿ ಕಾಣುತ್ತದೆ.

ಮಗುವಿನ ಲೆಕ್ಕ

ಮಕ್ಕಳಿಗೆ ಬಿ.ಎಂ.ಐ. ಸೂತ್ರವನ್ನು ವಯಸ್ಕರಂತೆ ಬಳಸಲಾಗದು. ಬೆಳವಣಿಗೆ ಪಟ್ಟಿಯನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 3 ವರ್ಷ ತುಂಬಿದ ಗಂಡು ಮಗುವಿನ ಮಧ್ಯಮ ತೂಕ 14.3 ಕಿಲೋ. 11.3ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ. 10 ಕಿಲೋಗಿಂತ ಕೆಳಗಿದ್ದರೆ ತೀವ್ರ ಕಡಿಮೆ ತೂಕ. 10.5 ಕಿಲೋ ಇರುವ ಮಗುವನ್ನು ತೆಗೆದುಕೊಂಡರೆ, ಆ ವಯಸ್ಸಿಗೆ ಕಿಲೋಗೆ ಸುಮಾರು 80ರಂತೆ ದಿನದ ಅಗತ್ಯ 840 ಕ್ಯಾಲೊರಿ. ಹಿಂದುಳಿದ ತೂಕ ತುಂಬಲು ಪ್ರತಿ ಗ್ರಾಂ ಹೆಚ್ಚಳಕ್ಕೆ 5 ಕ್ಯಾಲೊರಿ ಬೇಕು. ದಿನಕ್ಕೆ 20 ಗ್ರಾಂ ಹೆಚ್ಚಬೇಕಾದರೆ 100 ಕ್ಯಾಲೊರಿ. ಜ್ವರ, ಭೇದಿಯಲ್ಲಿ ಕಳೆದುಹೋಗುವ ದಿನಗಳನ್ನೂ ಗಮನಿಸಿ 200 ಕೂಡಿಸಿದರೆ ದಿನಕ್ಕೆ ಸುಮಾರು 1,040 ಕ್ಯಾಲೊರಿ.

ಮಗುವಿನ ವಿಷಯದಲ್ಲಿ ನಿಜವಾದ ತೊಡಕು ಹೊಟ್ಟೆಯ ಗಾತ್ರ. ಇಂಥ ಮಗು ಒಂದು ಹೊತ್ತಿಗೆ ಹಿಡಿಸಿಕೊಳ್ಳುವುದು ಹೆಚ್ಚೆಂದರೆ 300 ಮಿಲಿಲೀಟರ್. 10 ಗ್ರಾಂ ರಾಗಿ ಹಿಟ್ಟಿನ ನೀರು ಗಂಜಿ ಒಂದು ಲೋಟ ಕುಡಿದರೆ ಹೊಟ್ಟೆ ತುಂಬುತ್ತದೆ, ಮಗು ಅಳು ನಿಲ್ಲಿಸುತ್ತದೆ. ಒಳಗೆ ಹೋದದ್ದು 32 ಕ್ಯಾಲೊರಿ. ಅದೇ ಲೋಟದಲ್ಲಿ 30 ಗ್ರಾಂ ರಾಗಿ ಹಿಟ್ಟು (98), 100 ಮಿಲಿಲೀಟರ್ ಹಾಲು (67), 10 ಗ್ರಾಂ ಬೆಲ್ಲ (38), ಒಂದು ಚಮಚ ತುಪ್ಪ (45) ಇದ್ದರೆ ಸುಮಾರು 250 ಕ್ಯಾಲೊರಿ. ಲೋಟ ಒಂದೇ, ಹೊಟ್ಟೆ ಒಂದೇ, ಶಕ್ತಿ ಎಂಟು ಪಟ್ಟು. ಹಿಟ್ಟು ಹೆಚ್ಚಿದರೆ ಗಂಜಿ ಗಟ್ಟಿಯಾಗಿ ಮಗುವಿಗೆ ನುಂಗಲು ಕಷ್ಟವೆಂಬ ಮಾತು ನಿಜ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಬಳಸಿದರೆ ಅದೇ ಪ್ರಮಾಣದ ಹಿಟ್ಟಿನಿಂದ ತೆಳುವಾದ ಗಂಜಿ ಸಿಗುತ್ತದೆ. ಅಜ್ಜಿಯರು ಬಲ್ಲ ಈ ಕ್ರಮವನ್ನು ಮತ್ತೆ ಬಳಕೆಗೆ ತಂದರೆ ಸಾಕು. ದಿನಕ್ಕೆ ಐದು ಹೊತ್ತು ಸ್ವಲ್ಪ ಸ್ವಲ್ಪ ಉಣಿಸಿದರೆ 1,040ರ ಗುರಿ ಕೈಗೆಟಕುತ್ತದೆ.

ಲೆಕ್ಕ ಸಾಲದ ಸಂದರ್ಭಗಳು

ಚೆನ್ನಾಗಿ ಉಂಡರೂ ತೂಕ ಏರದಿದ್ದರೆ ಕಾರಣ ತಟ್ಟೆಯಲ್ಲಿಲ್ಲ ಎಂದು ತಿಳಿಯಬೇಕು. ಜಂತುಹುಳು, ಪದೇ ಪದೇ ಭೇದಿ, ಕ್ಷಯ, ಮಧುಮೇಹ, ಥೈರಾಯ್ಡ್ ತೊಂದರೆ ಇರಬಹುದು. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಮೇಲ್ದೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಎರಡೂ ಪಾದಗಳಲ್ಲಿ ಬಾವು ಇದ್ದರೆ, ಅಥವಾ ಮಗು ಊಟವನ್ನೇ ನಿರಾಕರಿಸಿದರೆ ಮನೆಯಲ್ಲಿ ಲೆಕ್ಕ ಹಾಕುತ್ತ ಕೂರಬಾರದು. ತಡಮಾಡದೆ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಅಂಥ ಮಗುವಿಗೆ ಒಮ್ಮೆಲೇ ಹೆಚ್ಚು ಉಣಿಸುವುದೂ ಅಪಾಯಕಾರಿ.

ಸದಸ್ಯರು ಮಾಡಬಹುದಾದದ್ದು

1. ತಮ್ಮ ವಾರ್ಡಿನ ಅಂಗನವಾಡಿಗೆ ತಿಂಗಳಿಗೊಮ್ಮೆ ತೂಕ ಮಾಡುವ ದಿನ ಭೇಟಿ ನೀಡುವುದು. ತೂಕದ ಯಂತ್ರ ಸರಿಯಿದೆಯೇ, ಸೊನ್ನೆಯಲ್ಲಿ ನಿಲ್ಲುತ್ತದೆಯೇ ಎಂದು ಮೊದಲು ನೋಡುವುದು. ತಪ್ಪು ಯಂತ್ರದಿಂದ ಬಂದ ಸಂಖ್ಯೆಗೆ ಎಷ್ಟು ಲೆಕ್ಕ ಮಾಡಿದರೂ ಬೆಲೆಯಿಲ್ಲ.

2. ಬಾಲವಿಕಾಸ ಸಮಿತಿಯ ಸಭೆಯಲ್ಲಿ ಎಷ್ಟು ಜನ ಉಂಡರು ಎಂಬುದರ ಜೊತೆಗೆ ಎಷ್ಟು ಜನರ ತೂಕ ಏರಿತು, ಎಷ್ಟು ಜನರದು ಎರಡು ತಿಂಗಳಿಂದ ನಿಂತಿದೆ ಎಂದು ಕೇಳುವುದು. ಮಕ್ಕಳ ಹಾಗೂ ಮಹಿಳೆಯರ ಹೆಸರನ್ನು ಬಹಿರಂಗ ಸಭೆಯಲ್ಲಿ ಓದದೆ ಸಂಖ್ಯೆಯನ್ನು ಮಾತ್ರ ಚರ್ಚಿಸುವುದು.

3. ಬಿಸಿಯೂಟಕ್ಕೆ ಬಾರದ ಗರ್ಭಿಣಿಯರು ಏಕೆ ಬರುತ್ತಿಲ್ಲವೆಂದು ವಿಚಾರಿಸುವುದು. ದೂರವೇ, ಕೂಲಿಯ ಹೊತ್ತೇ, ಮನೆಯವರ ಅಸಮ್ಮತಿಯೇ ಎಂಬುದು ತಿಳಿದರೆ ಪರಿಹಾರ ಊರಿನಲ್ಲಿಯೇ ಸಿಗಬಹುದು.

4. ಕೂಸಿನ ಮನೆ ಇರುವ ಪಂಚಾಯಿತಿಗಳಲ್ಲಿ ಮಕ್ಕಳಿಗೆ ಎಷ್ಟು ಹೊತ್ತಿಗೊಮ್ಮೆ, ಎಷ್ಟು ಗಟ್ಟಿಯಾದ ಆಹಾರ ಕೊಡಲಾಗುತ್ತಿದೆ ಎಂದು ನೋಡುವುದು.

5. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ದಿನದಂದು ಮೇಲಿನ ಗಂಜಿಯ ಪ್ರಾತ್ಯಕ್ಷಿಕೆಯನ್ನು ಎರಡು ಲೋಟಗಳಲ್ಲಿ ಮಾಡಿ ತೋರಿಸಲು ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರಿಗೆ ನೆರವಾಗುವುದು.

6. ಖರ್ಚಿನ ಬದಿಯನ್ನು ಮರೆಯದಿರುವುದು. ಮಧ್ಯಮ ದುಡಿಮೆಗೂ ಭಾರಿ ದುಡಿಮೆಗೂ ನಡುವೆ 500 ಕ್ಯಾಲೊರಿ ಅಂತರವಿದೆ ಎಂಬುದು ಮೊದಲೇ ತಿಳಿಯಿತು. ಮನೆ ಬಾಗಿಲಿಗೆ ಬಂದ ನಲ್ಲಿ ಆ ಹೊರೆಯ ಒಂದು ಪಾಲನ್ನು ಇಳಿಸುತ್ತದೆ. ಶುದ್ಧ ನೀರು ಮತ್ತು ಶೌಚಾಲಯ ಭೇದಿಯಿಂದ ಆಗುವ ನಷ್ಟವನ್ನು ತಡೆಯುತ್ತವೆ. ನೀರಿನ ಕಾಮಗಾರಿ ತಡವಾದಾಗ ಅದರ ಬೆಲೆಯನ್ನು ಮಹಿಳೆಯರು ತಮ್ಮ ದೇಹದ ತೂಕದಿಂದ ತೆರುತ್ತಾರೆ.

ಮಾನ್ಯ ಸದಸ್ಯರೇ, ಈ ಲೆಕ್ಕದಲ್ಲಿ ಗುಣಾಕಾರ ಭಾಗಾಕಾರಗಳನ್ನು ಮೀರಿದ್ದು ಏನೂ ಇಲ್ಲ. 38 ಕಿಲೋ ತೂಕದ ಮಹಿಳೆಗೂ 42 ಕಿಲೋ ತೂಕಕ್ಕೂ ನಡುವೆ ಇರುವುದು ನಾಲ್ಕು ತಿಂಗಳು, ದಿನಕ್ಕೆ ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ, ಒಂದು ಮೊಟ್ಟೆ. ಮತ್ತು ಅದು ಅವಳ ತಟ್ಟೆಗೇ ತಲುಪಿತೇ ಎಂದು ವಿಚಾರಿಸುವ ಒಬ್ಬ ಸದಸ್ಯ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ, ರಸ್ತೆ ಮತ್ತು ಚರಂಡಿಯ ವಿಷಯಗಳ ಜೊತೆಗೆ, ವಾರ್ಡುವಾರು ತೂಕ ಏರಿದ ಮಕ್ಕಳ ಹಾಗೂ ಗರ್ಭಿಣಿಯರ ಸಂಖ್ಯೆಯ ಒಂದು ಸಾಲು ಸೇರಲಿ. ಆ ಸಾಲು ತಿಂಗಳು ತಿಂಗಳೂ ತುಂಬುತ್ತ ಹೋದರೆ ಈ ಉಪನ್ಯಾಸದ ಉದ್ದೇಶ ಸಾರ್ಥಕವಾದಂತೆ.